ಅರ್ಧಕ್ಕೆ ನಿಂತ ಜಪಾನಿ ದೆವ್ವ

ನಮ್ಮ ಟಿವಿಯ ಬೆನ್ನಿಗೆ ಕೆಂಪು ಬಣ್ಣದ ಒಂದು ಪೆನ್ ಡ್ರೈವ್ ವರ್ಷಕ್ಕೂ ಮೇಲೆ ಸಿಕ್ಕಿಕೊಂಡೇ ಇತ್ತು. ಅದನ್ನು ಅಲ್ಲಿ ಸಿಕ್ಕಿಸಿದವಳು ನನ್ನ ತಂಗಿ. ಟಿವಿ ಹಚ್ಚಿದಾಗಲೆಲ್ಲ ಪರದೆಯ ಮೂಲೆಯಲ್ಲಿ ಸಣ್ಣ ಗುರುತೊಂದು ಮೂಡಿ, ಏನೋ ಜೋಡಿಸಿದೆ ಎಂದು ತಿಳಿಸಿ ಮಾಯವಾಗುತ್ತಿತ್ತು. ನಾನು ನೋಡಿಯೂ ನೋಡದವಳ ಹಾಗೆ ಇದ್ದುಬಿಡುತ್ತಿದ್ದೆ. ಅವ್ವನೂ ಅಷ್ಟೇ. ಮನೆಯ ಮೂಲೆಮೂಲೆ ಝಾಡಿಸುವ ಹೆಂಗಸು ಅವಳು. ಟಿವಿಯ ಮುಂಭಾಗವನ್ನು ಸೆರಗಿನಿಂದಲೇ ಒರೆಸುತ್ತಿದ್ದಳು, ಹಿಂದಕ್ಕೆ ಮಾತ್ರ ಕೈ ಹಾಕುತ್ತಿರಲಿಲ್ಲ. ಅಲ್ಲಿ ಧೂಳು ಕೂತಿತ್ತು.

ಆ ಪೆನ್ ಡ್ರೈವಿನೊಳಗೆ ಇದ್ದದ್ದು ಒಂದು ಜಪಾನಿ ದೆವ್ವದ ಸಿನಿಮಾ. ನಾವು ಅರ್ಧ ನೋಡಿ ಬಿಟ್ಟಿದ್ದು.

ನಾನು ಬಬಲೇಶ್ವರದ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮದುವೆ ಆಗಲಿಲ್ಲ, ಅದೊಂದು ಬೇರೆಯೇ ಪುರಾಣ. ವಿಜಯಪುರದಲ್ಲಿ ಸೊಲ್ಲಾಪುರ ರಸ್ತೆಯಿಂದ ಒಳಗೆ ಹೊರಳಿದರೆ ಸಿಗುವ ಒಂದು ಓಣಿಯಲ್ಲಿ ಅವ್ವನೂ ನಾನೂ ಇರುತ್ತೇವೆ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ತಂಗಿಯನ್ನು ತಿಕೋಟಾಕ್ಕೆ ಕೊಟ್ಟಿತ್ತು. ಅವಳ ಗಂಡನ ಮನೆಯವರದು ದ್ರಾಕ್ಷಿ ಪಡ, ಅಂದರೆ ತೋಟ. ಸುಮ್ಮನೆ ಕೂಡ್ರುವ ಜೀವವಲ್ಲ ಅವಳದು. ಊರ ಹೆಂಗಸರು ಕೆಲವರನ್ನು ಕಟ್ಟಿಕೊಂಡು ಒಣದ್ರಾಕ್ಷಿ ಆರಿಸಿ, ತೂಗಿ, ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಕೊಡುವ ಕೆಲಸ ಹಚ್ಚಿಕೊಂಡಿದ್ದಳು. ರವಿವಾರ ಬಂತೆಂದರೆ ಸ್ಕೂಟಿ ಹತ್ತಿ ನಮ್ಮ ಮನೆಗೆ ಬರುವಳು. ಅವಳ ಓಢಣಿಗೂ ಕೂದಲಿಗೂ ಒಣದ್ರಾಕ್ಷಿಯ ಸಿಹಿ ವಾಸನೆ ಅಂಟಿಕೊಂಡಿರುತ್ತಿತ್ತು. ಬಂದವಳೇ ಚಪ್ಪಲಿ ಬಿಡುವುದಕ್ಕೂ ಮೊದಲು ಕೇಳುವ ಮಾತು ಒಂದೇ. "ಅಕ್ಕಾ, ಇವತ್ತ ಯಾವ ದೆವ್ವ?"

ದೆವ್ವದ ಸಿನಿಮಾದ ಹುಚ್ಚು ಅವಳಿಗೆ ಸಾಲಿಗೆ ಹೋಗುವಾಗಲೇ ಹತ್ತಿದ್ದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಮದುವೆಯಾಗಿ ಸಂಸಾರ ಹೂಡಿದ ಮೇಲೂ ಅದು ಬಿಡಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಕಿಟಕಿಗೆ ಹಳೆಯ ಚಾದರ ಇಳಿಬಿಟ್ಟು, ಒಂದು ತಾಟಿನ ತುಂಬ ಗಿರ್ಮಿಟ್ ಇಟ್ಟುಕೊಂಡು ಕೂತೆವೆಂದರೆ ಸಂಜೆಯ ಚಹಾದವರೆಗೂ ಏಳುತ್ತಿರಲಿಲ್ಲ. ನಾನು ವಿಜ್ಞಾನದವಳು, ದೆವ್ವಗಳ ತಪ್ಪು ಹಿಡಿಯುತ್ತ ಕೂಡ್ರುತ್ತಿದ್ದೆ: ತೂಕವಿಲ್ಲದ ದೆವ್ವಕ್ಕೆ ಹೆಜ್ಜೆಯ ಸಪ್ಪಳ ಎಲ್ಲಿಂದ ಬಂತು, ಗೋಡೆಯಲ್ಲಿ ಹಾಯುವ ದೆವ್ವ ನೆಲದಲ್ಲಿ ಯಾಕೆ ಕುಸಿಯುವುದಿಲ್ಲ, ಹೀಗೆ. ಅವಳು ತಲೆದಿಂಬು ನನ್ನ ಮುಖಕ್ಕೆ ಎಸೆಯುತ್ತಿದ್ದಳು. ಅವ್ವನಿಗೆ ಈ ಸಿನಿಮಾಗಳೆಂದರೆ ಸಿಟ್ಟು. ಅಡುಗೆಮನೆಯಲ್ಲಿ ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ಇಡುತ್ತ, "ಉಣ್ಣೂ ಅನ್ನ ಹೆಚ್ಚಾಗೇತಿ ಇಬ್ಬರಿಗೂ" ಎನ್ನುವಳು.

ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅದಿಲ್ಲದೆ ಈ ಕಥೆ ಇಲ್ಲ.

ಯಾರೇ ಮನೆಯಿಂದ ಹೊರಟರೂ, ಹೋಗಬೇಕಾದ ಜಾಗ ಸೇರಿದ ಕೂಡಲೇ ಅವ್ವನ ಫೋನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಮಾತಿಗೆ ಕಾಸು ಬೀಳುತ್ತಿದ್ದ ಕಾಲದಲ್ಲಿ ಶುರುವಾದದ್ದು. ಈಗ ಮಾತು ಪುಕ್ಕಟೆ, ಎಷ್ಟು ಬೇಕಾದರೂ ಆಡಬಹುದು. ಆದರೂ ಪದ್ಧತಿ ಹಾಗೇ ಉಳಿಯಿತು. ಅವ್ವನದು ಗುಂಡಿ ಒತ್ತುವ ಹಳೆಯ ಫೋನು. ಅದು ಒಂದು ಸಲ ಬಡಿದುಕೊಂಡು ಸುಮ್ಮನಾದರೆ ಅವಳು ನೋಡುವುದಕ್ಕೂ ಏಳುತ್ತಿರಲಿಲ್ಲ. ಕೂತಲ್ಲಿಂದಲೇ "ಮುಟ್ಯಾಳ" ಎನ್ನುವಳು. ನಾನು ಬಬಲೇಶ್ವರ ಸೇರಿದರೂ ಮುಟ್ಯಾಳ, ತಂಗಿ ತಿಕೋಟಾ ಸೇರಿದರೂ ಮುಟ್ಯಾಳ. ಪುಸ್ತಕದ ಕನ್ನಡದಲ್ಲಿ ಊರನ್ನು ತಲುಪುತ್ತಾರೆ, ನಮ್ಮ ಕಡೆ ಊರನ್ನು ಮುಟ್ಟುತ್ತಾರೆ. ಅವ್ವನ ಬಾಯಲ್ಲಿ ಆ ಮಾತು ಕೇಳಿದರೆ, ಹೋದವರು ತಮ್ಮ ಮನೆಯ ಬಾಗಿಲನ್ನು ಕೈಯಿಂದ ಮುಟ್ಟಿ ನಿಂತದ್ದು ಕಣ್ಣಿಗೆ ಕಟ್ಟುತ್ತಿತ್ತು.

ಇದಕ್ಕೆ ಇನ್ನೊಂದು ಬಾಲವೂ ಇದೆ. ನಿಡೋಣಿಯಲ್ಲಿದ್ದ ನಮ್ಮ ಅಜ್ಜಿ, ಅಂದರೆ ಅವ್ವನ ತಾಯಿ, ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಸಲಕ್ಕೆ ಓ ಎನ್ನಬಾರದು ಎಂದು ಕಲಿಸಿದ್ದಳು. ಮನುಷ್ಯರಾದರೆ ಎರಡನೆಯ ಸಲ ಕರೆಯುತ್ತಾರೆ. ದೆವ್ವ ಒಮ್ಮೆಯಷ್ಟೇ ಕರೆಯುತ್ತದೆ, ಓ ಎಂದೆವೋ ಹೋದೆವು. ತಂಗಿ ಇದನ್ನು ಹಿಡಿದುಕೊಂಡು ಅವ್ವನನ್ನು ಕಾಡಿಸುವಳು.

"ಹಂಗಾದ್ರ ನಾ ಕೊಡೂ ಒಂದ ರಿಂಗೂ ದೆವ್ವಿಂದನ ಆತಲ್ಲ ಬೇ?"

"ಥೂ, ಬಿಡ್ತು ಅನ್ನು. ಸಂಜಿ ಮುಂದ ಎಂಥಾ ಮಾತ ಆಡ್ತಿ."

"ಬಿಡ್ತು ಬಿಡ್ತು ಬಿಡ್ತು" ಎಂದು ಅವಳು ಜಪ ಮಾಡಿದಂತೆ ಹೇಳಿ ನಗುತ್ತಿದ್ದಳು. ಆ ನಗೆ ಈಗಲೂ ನನ್ನ ಕಿವಿಯಲ್ಲಿದೆ.

ಜಪಾನಿ ಸಿನಿಮಾ ತಂದದ್ದು ದ್ರಾಕ್ಷಿ ಸುಗ್ಗಿ ಮುಗಿದು, ಶೆಡ್ಡುಗಳಲ್ಲಿ ಒಣಗಲು ಹಾಕಿದ್ದ ಮಾಲು ಕೆಳಗಿಳಿಯುವ ದಿನಗಳಲ್ಲಿ. ಬಿಸಿಲು ನೆತ್ತಿ ಸುಡುತ್ತಿತ್ತು. ಅಂದು ಬಂದವಳೇ ತಲೆ ನೋಯುತ್ತದೆ ಎಂದು ಒಂದು ಗುಳಿಗೆ ನುಂಗಿದಳು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡೆವು. ಅವಳೂ ಹಾಗೇ ಅಂದುಕೊಂಡಳು.

ಸಿನಿಮಾದಲ್ಲಿ ಒಬ್ಬ ಹುಡುಗಿ. ದೊಡ್ಡ ಶಹರದಲ್ಲಿ ಒಂದೇ ಖೋಲಿಯ ಮನೆ ಅವಳದು. ಟೆಲಿಫೋನ್ ಕಂಪನಿಯೊಂದರಲ್ಲಿ ಕೆಲಸ. ಬಂದಾಗಿಹೋದ ನಂಬರುಗಳನ್ನು ಕಂಪ್ಯೂಟರಿನಿಂದ ಅಳಿಸುವುದು. ಒಂದು ದಿನ ಆ ಅಳಿಸಿದ ನಂಬರುಗಳಿಂದಲೇ ಜನರಿಗೆ ಕರೆ ಬರಲು ಶುರುವಾಗುತ್ತದೆ. ಒಂದು ರಿಂಗ್, ಅಷ್ಟೇ. ಆ ಹುಡುಗಿಗೂ ಬರುತ್ತದೆ, ಸಮುದ್ರದಲ್ಲಿ ಮುಳುಗಿ ಸತ್ತ ಅವಳ ಗೆಳತಿಯ ನಂಬರಿನಿಂದ. ಇಷ್ಟು ಹೇಳುವುದಕ್ಕೆ ಆ ಸಿನಿಮಾ ಒಂದು ತಾಸು ತೆಗೆದುಕೊಂಡಿತು. ಯಾರೂ ಚೀರುವುದಿಲ್ಲ, ರಕ್ತ ಇಲ್ಲ, ಬಾಗಿಲು ದಢಾರನೆ ಬಡಿಯುವುದಿಲ್ಲ. ಖಾಲಿ ಪಡಸಾಲೆಯನ್ನು ತೋರಿಸಿದರೆ ತೋರಿಸಿಯೇ ತೋರಿಸಿದರು. ಕಿಟಕಿಯ ಪರದೆ ಅಲುಗುತ್ತದೆ, ದೀಪವೊಂದು ಮಿಣಮಿಣ ಎನ್ನುತ್ತದೆ, ಹುಡುಗಿ ಫೋನನ್ನು ನೋಡುತ್ತ ಕೂತಿರುತ್ತಾಳೆ.

"ಅಕ್ಕಾ, ಇದು ನಿಮ್ಮಂಗ ಸರ್ಕಾರಿ ನೌಕರಿ ದೆವ್ವ ಕಾಣತೈತಿ ನೋಡು" ಎಂದಳು ತಂಗಿ. "ಬಂದ್ರ ಬಂತು, ಬರದಿದ್ರ ರಜಾ."

"ನಿಂದ ದಿನಗೂಲಿ ದೆವ್ವ ಇರಬೇಕಾಗಿತ್ತು. ಹೊತ್ತ ಮುಳುಗೂದ್ರಾಗ ನಾಕ ಮಂದೀನ ಹೆದರಿಸಿ ಪಗಾರ ಇಸ್ಕೊಂಡ ಹೋಗೂದು" ಎಂದೆ ನಾನು. ಇಬ್ಬರೂ ನಕ್ಕೆವು. ಆದರೆ ನಿಜ ಹೇಳುತ್ತೇನೆ, ಅದುವರೆಗೆ ನೋಡಿದ ಯಾವ ದೆವ್ವಕ್ಕೂ ನನ್ನ ಬೆನ್ನು ತಣ್ಣಗಾಗಿರಲಿಲ್ಲ. ಈ ದೆವ್ವದ ಒಂದು ರಿಂಗಿಗೆ ಆಯಿತು. ಫೋನ್ ಬಡಿದು ನಿಂತ ಮೇಲಿನ ಸುಮ್ಮನಿರುವಿಕೆ ಬಹಳ ಉದ್ದ ಇರುತ್ತಿತ್ತು.

ಅವ್ವ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿದ್ದಳು. ನಾವು ಗಮನಿಸಿರಲಿಲ್ಲ. "ಅವ್ರ ಕಡೇನೂ ಒಮ್ಮೇನ ಕರೀತಾವೇನು?" ಎಂದು ಕೇಳಿದಳು. ತಂಗಿ ಹೂಂ ಎಂದು ಕಥೆ ಹೇಳಿದಳು. ಅವ್ವ ಎರಡು ನಿಮಿಷ ನಿಂತು, "ಎತ್ತಬಾರ್ದು ಅಕಿ. ಎತ್ತಿದ್ರ ಕೆಟ್ಲು" ಎಂದು ಆ ಹುಡುಗಿಗೆ ಬುದ್ಧಿ ಹೇಳಿ ಒಳಗೆ ಹೋದಳು.

ಸರಿಯಾಗಿ ಆ ಹುಡುಗಿ ಫೋನಿನತ್ತ ಕೈ ಚಾಚಿದಾಗ ತಂಗಿ ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿದಳು. ಮಾಲು ಒಯ್ಯುವ ಗಾಡಿ ಬರುವುದಿತ್ತು, ಅವಳು ಊರಿನಲ್ಲಿರಬೇಕಿತ್ತು. ಪೆನ್ ಡ್ರೈವ್ ತೆಗೆಯಲು ಹೋದವಳು ತೆಗೆಯದೆ ಬಿಟ್ಟಳು. "ಉಳದದ್ದ ಬರೂ ಐತಾರ. ನನ್ನ ಬಿಟ್ಟ ನೋಡಿದ್ರ ನೋಡ ಮತ್ತ" ಎಂದು ನನ್ನ ಕಡೆ ಬೆರಳು ತೋರಿಸಿದಳು. ಅವ್ವ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿ ಕೊಟ್ಟಳು. "ಮುಟ್ಟಿದ ಮ್ಯಾಲ ರಿಂಗ್ ಕೊಡು" ಎಂದಳು. ಪ್ರತಿ ವಾರ ಹೇಳುವ ಮಾತು, ತಂಗಿ ಅದಕ್ಕೆ ಉತ್ತರ ಕೊಡುವುದನ್ನೂ ಬಿಟ್ಟಿದ್ದಳು. ಓಣಿಯ ತಿರುವಿನಲ್ಲಿ ಹಾರ್ನ್ ಒಮ್ಮೆ ಒತ್ತಿ ಹೋದಳು.

ನಾನು ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಾಗ ಅವ್ವನ ಫೋನು ಬಡಿಯಿತು. ಒಂದು ಸಲ ಬಡಿದು ನಿಂತಿತು. ಅವ್ವ ಕಟ್ಟೆಗೆ ಬೆನ್ನು ಹಚ್ಚಿ ಕೂತಿದ್ದಳು.

"ಮುಟ್ಯಾಳ" ಎಂದಳು. ಆಮೇಲೆ, "ಇವತ್ತ ಭಾಳ ಲಗೂ ಮುಟ್ಲಲ್ಲ. ಗಾಡಿ ಜೋರ ಬಿಡ್ತಾಳ ಇಕಿ, ಬರೂ ಐತಾರ ಬೈತೇನಿ."

ಅಷ್ಟು ಹೇಳಿ ಅವಳು ನೆಲದ ಮೇಲೆ ಸೆರಗು ಹಾಸಿ ಅಡ್ಡಾದಳು. ನಾನು ಮಕ್ಕಳ ಪರೀಕ್ಷೆಯ ಕಾಗದಗಳನ್ನು ತೆಗೆದು ಕೂತೆ. ಅರ್ಧ ತಾಸೋ ಏನೋ ಆದ ಮೇಲೆ ತಂಗಿಯ ಗಂಡನ ಫೋನು ನನಗೆ ಬಂತು. ಅವನ ಬಾಯಿಂದ ಮಾತು ಹೊರಡಲಿಲ್ಲ, ಬೇರೆ ಯಾರೋ ಇಸಿದುಕೊಂಡು ಹೇಳಿದರು.

ಅವಳು ತಿಕೋಟಾ ಮುಟ್ಟಿರಲಿಲ್ಲ. ಇಟ್ಟಂಗಿಹಾಳದ ಸೀಮೆಯ ಹತ್ತಿರವೇ ಗಾಡಿಯನ್ನು ರಸ್ತೆಯ ಬದಿಗೆ ತೆಗೆದುಕೊಂಡು, ನೀಟಾಗಿ ಸ್ಟ್ಯಾಂಡ್ ಹಾಕಿ, ಬೇವಿನ ಗಿಡದ ನೆರಳಿಗೆ ಕೂತಿದ್ದಳು. ಮೆದುಳಿನ ನರ ಒಡೆದಿತ್ತು. ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು. ನನ್ನ ತಂಗಿ ಸತ್ತಳು ಎಂದು ಬರೆಯಲು ಈಗಲೂ ನನ್ನ ಕೈ ಹಿಂದೆ ಸರಿಯುತ್ತದೆ, ಆದರೆ ಬರೆಯಬೇಕಲ್ಲ.

ಅವಳನ್ನು ಮೊದಲು ನೋಡಿದವರು ತಿಕೋಟಾದಲ್ಲಿ ಬಳೆ ಅಂಗಡಿ ಇಟ್ಟ ಮುಸಲ್ಮಾನ ಗಂಡ ಹೆಂಡತಿ. ಮೋಟಾರ್ ಸೈಕಲ್ಲಿನ ಮೇಲೆ ಆ ದಾರಿಯಲ್ಲಿ ಹೊರಟವರು, ಪರಿಚಯದ ಮುಖ ಕಂಡು ನಿಂತಿದ್ದರು. ಅವಳನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಆ ಹೆಣ್ಣುಮಗಳು ಅವ್ವನನ್ನು ಕಾಣಲು ನಮ್ಮ ಮನೆಗೆ ಬಂದಳು. ಅವ್ವನ ಕೈ ಹಿಡಿದುಕೊಂಡು ಕೂತಳು.

"ನನ್ನ ತೊಡಿ ಮ್ಯಾಲನ ತಲಿ ಇಟ್ಕೊಂಡಿದ್ದೆ ಅಕ್ಕಾರ. ತುಟಿಗೆ ನೀರ ಹಚ್ಚಿದೆ. ಮಾತ ಇದ್ದಿಲ್ಲ."

"ಫೋನು ಕೈಯಾಗಿತ್ತೇನವ್ವಾ?" ಎಂದು ಅವ್ವ ಕೇಳಿದಳು.

"ಇತ್ತರಿ. ಕಿವೀಗೆ ಹಚ್ಕೊಂಡ ಕೂತಿದ್ಳು. ನಾನ ಬಿಡಿಸಿ ತಗೊಂಡ್ನಿ."

ಅವಳು ಬೇರೇನೂ ಅರಿಯದೆ ಹೇಳಿದ ಮಾತು, ಅವಳದೇನೂ ತಪ್ಪಿಲ್ಲ. ಅವ್ವ ತಲೆಯಾಡಿಸಿದಳು. ಚಹಾ ಕುಡಿದು ಹೋಗು ಎಂದು ಒತ್ತಾಯ ಮಾಡಿದಳು, ಉಡಿಯಲ್ಲಿ ಅಕ್ಕಿ ಹಾಕಿ ಕಳಿಸಿದಳು. ಆಕೆ ಹೋದ ಮೇಲೆ ದೇವರ ಜಗುಲಿಯ ಮುಂದೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ಆ ಒಂದು ರಿಂಗ್ ಏನಾಗಿತ್ತು ಎಂದು ಆಗ ಇಬ್ಬರಿಗೂ ತಿಳಿಯಿತು. ಒತ್ತಿದ ಬೆರಳಿನ ಸತುವೇ ಹೋಯಿತೋ, ಅಲ್ಲಿ ನೆಟ್‌ವರ್ಕ್ ಸಿಗದೆ ಕಟ್ಟಾಯಿತೋ ದೇವರೇ ಬಲ್ಲ. ಅವಳು ಅವ್ವನನ್ನು ಕರೆದಿದ್ದಳು, ಮತ್ತು ಅವ್ವ ಸಮಾಧಾನದಿಂದ ಕಣ್ಣು ಮುಚ್ಚಿ ಮಲಗಿದ್ದಳು.

ನಾನು ಸಾರಿ ಸಾರಿ ಹೇಳಿದೆ. ಎತ್ತಿದ್ದರೂ ಏನೂ ಮಾಡಲು ಬರುತ್ತಿರಲಿಲ್ಲ, ಡಾಕ್ಟರರೇ ಹಾಗಂದರು, ನಾವು ಹಾರಿ ಹೋಗಿದ್ದರೂ ಆಗುತ್ತಿರಲಿಲ್ಲ ಎಂದೆ. ಮೆದುಳಿನ ಚಿತ್ರ ಬರೆದು ತೋರಿಸಿದೆ, ಎಂಟನೆಯ ಇಯತ್ತೆಯ ಹುಡುಗಿಗೆ ತೋರಿಸಿದ ಹಾಗೆ. ಅವ್ವ ಚಿತ್ರವನ್ನು ಪೂರ್ತಿ ನೋಡಿದಳು.

"ಮಾಡಾಕ ಏನೂ ಬರ್ತಿದ್ದಿಲ್ಲ, ಗೊತ್ತೈತಿ" ಎಂದಳು. "ಓ ಅನಬಹುದಿತ್ತು."

ನಾನು ಚಿತ್ರವನ್ನು ಮಡಚಿ ಪುಸ್ತಕದೊಳಗೆ ಇಟ್ಟೆ.

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ರಿಂಗ್ ನಿಂತಿತು. ನಾನು ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಫೋನ್ ಮಾಡಿ ಬಾಯಿಬಿಟ್ಟು ಮಾತಾಡಬೇಕು. ಇತ್ತ ಗುಂಡಿ ಒತ್ತುವುದೇ ತಡ, ಅತ್ತ ಅವ್ವನ "ಓ" ಬರುತ್ತಿತ್ತು. ಹಲೋ ಅಲ್ಲ, ಓ. ಫೋನನ್ನು ಕೈಯಿಂದ ಬಿಡಲೊಲ್ಲಳು. ಬಚ್ಚಲಿಗೂ ಅದು ಬೇಕು, ರೊಟ್ಟಿ ಬಡಿಯುವಾಗ ತೊಡೆಯ ಮೇಲೆ ಬೇಕು. ಸಾಲ ಕೊಡುತ್ತೇವೆ, ವಿಮೆ ಮಾಡಿಸಿರಿ ಎಂದು ಕರೆ ಮಾಡುವ ಎಲ್ಲ ಊರಿನ ಹುಡುಗಿಯರಿಗೂ ಓ ಎಂದಳು. ಅವರು ತಮ್ಮ ಪಾಠ ಒಪ್ಪಿಸುವುದರೊಳಗೆ, "ಯಾವೂರವ್ವಾ ನಿಂದು? ಊಟ ಆತೇನು? ನಿಮ್ಮವ್ವಗ ಫೋನ್ ಮಾಡಿದ್ದೇನು?" ಎಂದು ಕೇಳುತ್ತಿದ್ದಳು. ಕೆಲವರು ಕಟ್ ಮಾಡಿದರು. ಒಬ್ಬಳು ಮಾತ್ರ, ಇನ್ನೂ ಮಾಡಿಲ್ರಿ ಅಮ್ಮಾ, ಈಗ ಮಾಡ್ತೇನಿ ಎಂದಳಂತೆ. ಓಣಿಯವರಿಗೆ ಇದು ನಗೆಯ ಮಾತಾಯಿತು. ನಾನು ಒಬ್ಬಿಬ್ಬರ ಜೊತೆ ಜಗಳವನ್ನೂ ತೆಗೆದೆ.

ನನಗೂ ನೆಮ್ಮದಿ ಇರಲಿಲ್ಲ. ನನ್ನ ಫೋನಿನಲ್ಲಿ ತಂಗಿ ಇನ್ನೂ ಇದ್ದಳು. ಹೆಸರಿನ ಎದುರಿಗೆ ಗುಂಡಗಿನ ಸಣ್ಣ ಫೋಟೋ, ತಲೆಗೆ ಓಢಣಿ ಕಟ್ಟಿಕೊಂಡು ಒಣದ್ರಾಕ್ಷಿಯ ರಾಶಿಯ ಮುಂದೆ ಕೂತದ್ದು. ಹಿಂದಿನ ವರ್ಷ ಇದೇ ದಿನ ನೀವು ತೆಗೆದ ಚಿತ್ರ ಎಂದು ಫೋನು ತಾನಾಗಿಯೇ ಅವಳನ್ನು ಎದುರಿಗೆ ತಂದು ನಿಲ್ಲಿಸುತ್ತಿತ್ತು. ಯಾರು ಕೇಳಿದ್ದರು ಇದನ್ನು? ಸಾಲೆಯಲ್ಲಿ ಶಬ್ದದ ಪಾಠ ಮಾಡುವಾಗ, ಗಾಳಿ ತೆಗೆದ ಗಾಜಿನ ಜಾಡಿಯೊಳಗೆ ಗಂಟೆ ಬಡಿಯುತ್ತಿದ್ದರೂ ಹೊರಗೆ ಕೇಳಿಸುವುದಿಲ್ಲ ಎಂದು ಪ್ರತಿ ವರ್ಷ ಹೇಳುತ್ತೇನೆ. ಆ ವರ್ಷ ಅದನ್ನು ಹೇಳುತ್ತ ಹೇಳುತ್ತ ಅರ್ಧಕ್ಕೆ ನಿಲ್ಲಿಸಿದೆ. ಮಕ್ಕಳಿಗೆ ಚಿತ್ರ ಬರೆಯಲು ಹಚ್ಚಿ ಹೊರಗೆ ಬಂದು ನಿಂತೆ.

ವರ್ಷ ತುಂಬಿತು. ಅವಳ ವರ್ಷಾಂತಿಕಕ್ಕೆ ತಿಕೋಟಾಕ್ಕೆ ಹೋಗಿ ಬಂದೆವು. ಅವಳ ಕೈಕೆಳಗಿದ್ದ ಹೆಂಗಸರು ಕೆಲಸ ಮುಂದುವರಿಸಿದ್ದರು. ಒಬ್ಬಾಕೆ ಅವ್ವನ ಉಡಿ ತುಂಬ ಒಣದ್ರಾಕ್ಷಿ ಹಾಕಿದಳು. ಮರುವಾರ, ರವಿವಾರದ ಮಧ್ಯಾಹ್ನ, ಊಟದ ತಾಟು ಎತ್ತುತ್ತ ಅವ್ವ ಸಹಜವಾಗಿ ಎನ್ನುವ ಹಾಗೆ ಹೇಳಿದಳು.

"ಅವತ್ತ ಅರ್ಧಾ ಬಿಟ್ರಲ್ಲ, ಆ ಸಿನಿಮಾ ಹಚ್ಚು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಯಾಕ ಬೇ? ನಿನಗ ದೆವ್ವಿನ ಸಿನಿಮಾ ಆಗಿ ಬರೂದಿಲ್ಲಲ್ಲ?"

"ಆ ಹುಡುಗಿ ಫೋನು ಎತ್ತಿದ್ಳೋ ಇಲ್ಲೋ ನೋಡಬೇಕು."

ಒಂದು ವರ್ಷ ಈ ಹೆಂಗಸು ಟಿವಿಯ ಹಿಂದೆ ಕೈ ಹಾಕದೆ ಇದ್ದದ್ದು ಮರೆತು ಅಲ್ಲ ಎಂದು ತಿಳಿಯಿತು. ಕಿಟಕಿಗೆ ಚಾದರ ಕಟ್ಟಲಿಲ್ಲ. ಬಿಸಿಲು ಒಳಗೆ ಬಿದ್ದಿರುವಂತೆಯೇ ಟಿವಿ ಹಚ್ಚಿದೆ. ಬಿಟ್ಟಲ್ಲಿಂದ ಶುರು ಮಾಡಲೇ ಎಂದು ಟಿವಿ ಇಂಗ್ಲಿಷಿನಲ್ಲಿ ಕೇಳಿತು. ತಂಗಿ ನಿಲ್ಲಿಸಿದ ಜಾಗವನ್ನು ಅದು ನೆನಪಿಟ್ಟಿತ್ತು. ನನಗೆ ಆ ಯಂತ್ರದ ಮೇಲೆ ಸಿಟ್ಟೂ ಬಂತು, ಅದನ್ನು ಅಪ್ಪಿಕೊಳ್ಳಬೇಕು ಎಂದೂ ಅನಿಸಿತು. ಹೂಂ ಎಂದು ಗುಂಡಿ ಒತ್ತಿದೆ. ಫೋನಿನತ್ತ ಕೈ ಚಾಚಿಕೊಂಡೇ ಹುಡುಗಿ ಕಾಣಿಸಿಕೊಂಡಳು. ಇಷ್ಟು ದಿನ ಹಾಗೇ ಇದ್ದಳು ಪಾಪ.

ಅವ್ವ ನನ್ನ ಪಕ್ಕದಲ್ಲಿ, ತಂಗಿ ಕೂಡ್ರುವ ಜಾಗ ಬಿಟ್ಟು ಕೂತಳು. ಸಿನಿಮಾದ ಮಾತು ಜಪಾನಿ, ಕೆಳಗೆ ಬರುವ ಅಕ್ಷರ ಇಂಗ್ಲಿಷು. ಅವ್ವನಿಗೆ ಎರಡೂ ಬಾರದು. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ, ಒಂದಕ್ಷರ ಬಿಡದೆ. ಹುಡುಗಿ ಆ ಸಲವೂ ಎತ್ತುವುದಿಲ್ಲ. ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ದಿನಗಳು ಹೋಗುತ್ತವೆ. ಶಹರದಲ್ಲಿ ಒಬ್ಬೊಬ್ಬರಿಗೂ ಒಂದೊಂದು ರಿಂಗ್ ಬರುತ್ತದೆ. ಜನ ಕೆಲಸಕ್ಕೆ ಹೋಗುವುದನ್ನು ಬಿಡುತ್ತಾರೆ, ತಂತಮ್ಮ ಮನೆಗಳಲ್ಲಿ ಫೋನಿನ ಮುಂದೆ ಕೂತುಬಿಡುತ್ತಾರೆ. ರಸ್ತೆಗಳು ಖಾಲಿಯಾಗುತ್ತವೆ. ತಂಗಿ ಇದ್ದಿದ್ದರೆ ಈ ನಿಧಾನಕ್ಕೆ ಒಂದು ನೂರು ಮಾತು ಅನ್ನುತ್ತಿದ್ದಳು. ಅವ್ವನಿಗೆ ಮಾತ್ರ ಅದು ನಿಧಾನ ಎನಿಸಿದ ಹಾಗೆ ಕಾಣಲಿಲ್ಲ. ಫೋನಿನ ಮುಂದೆ ಕೂತ ಆ ಜನರನ್ನು ಅವಳು ತನ್ನ ನೆಂಟರನ್ನು ನೋಡುವಂತೆ ನೋಡುತ್ತಿದ್ದಳು.

"ಎಷ್ಟ ಮಂದಿ ಅದಾರ ನೋಡು" ಎಂದಳು ಒಮ್ಮೆ.

ಕೊನೆಗೆ ಹುಡುಗಿ ಎತ್ತಿದಳು. ಅವ್ವನ ಕೈ ನನ್ನ ಮೊಣಕೈಯನ್ನು ಹಿಡಿಯಿತು. ಆ ಕಡೆಯಿಂದ ಬಹಳ ಹೊತ್ತು ಏನೂ ಇಲ್ಲ. ನೀರಿನ ಸಪ್ಪಳವೋ ಉಸಿರೋ ತಿಳಿಯದಂಥ ಒಂದು ಸದ್ದು. ಆಮೇಲೆ ಸತ್ತ ಗೆಳತಿಯ ದನಿ ಬಂತು. ಸಣ್ಣ ದನಿ, ಸಿಟ್ಟಿಲ್ಲದ್ದು. ಒಂದೇ ಒಂದು ವಾಕ್ಯವನ್ನು ನಿಧಾನವಾಗಿ ಎಳೆದು ಹೇಳಿತು. ಕೆಳಗೆ ಬಿಳಿಯ ಅಕ್ಷರಗಳು ಮೂಡಿದವು. "ಇಷ್ಟು ದಿನ ನೀನು ಯಾಕೆ ಎತ್ತಲಿಲ್ಲ?"

ನಾನು ಓದಿದೆ, ಬಾಯಿಂದ ಹೊರಗೆ ತರಲಿಲ್ಲ.

"ಏನಂದ್ಳು?" ಎಂದಳು ಅವ್ವ.

ಪರದೆಯ ಮೇಲೆ ಅಕ್ಷರಗಳು ಇನ್ನೂ ಇದ್ದವು. ಅವ್ವ ಅವುಗಳನ್ನೇ ನೋಡುತ್ತಿದ್ದಳು, ಓದಲು ಬಾರದ ಅಕ್ಷರಗಳನ್ನು.

"ಮುಟ್ಟೇನಿ ಅಂದ್ಲು ಬೇ" ಎಂದೆ.

"ಏನು?"

"ಮುಟ್ಟೇನಿ ಅಂತ. ಅದಕ್ಕ ಒಂದ ರಿಂಗ್ ಕೊಡ್ತಿದ್ಲಂತ ದಿನಾ. ನಾ ಆರಾಮ ಮುಟ್ಟೇನಿ ಅಂತ ಹೇಳಾಕ."

ನನ್ನ ದನಿ ನನಗೇ ಸುಳ್ಳು ಎನಿಸಿತು. ಸಿನಿಮಾದಲ್ಲಿ ಹುಡುಗಿ ಫೋನು ಕಿವಿಗೆ ಹಚ್ಚಿಕೊಂಡು ಅಳುತ್ತಿದ್ದಳು, ಆಮೇಲೆ ಖಾಲಿ ಖೋಲಿ, ಅಲುಗುವ ಪರದೆ, ಮತ್ತೆ ಹೆಸರುಗಳು ಬರಲು ಶುರುವಾದವು.

"ಅಷ್ಟ ಉದ್ದ ಮಾತಾಡಿದ್ಳು, ಅಷ್ಟನ ಅರ್ಥೇನ ಅದಕ್ಕ?" ಎಂದಳು ಅವ್ವ.

"ಅವರ ಭಾಷಾನ ಹಂಗ ಬೇ. ಉದ್ದ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇರ್ಲಿ ಬಿಡು. ಮುಟ್ಟಿದ್ರ ಸಾಕು" ಎಂದಳು. ಎದ್ದು ಹೋಗಿ, ಒದ್ದೆ ಬಟ್ಟೆ ತಂದು, ಟಿವಿಯ ಹಿಂಭಾಗವನ್ನು ಒರೆಸಿದಳು. ಪೆನ್ ಡ್ರೈವನ್ನು ಕಿತ್ತು ನನ್ನ ಕೈಯಲ್ಲಿಟ್ಟಳು. ಅವಳು ನನ್ನ ಮಾತನ್ನು ನಂಬಿದಳೋ, ನಂಬುವುದೇ ಸರಿ ಎಂದು ನಂಬಿದಳೋ, ನನಗೆ ಇಂದಿಗೂ ತಿಳಿಯದು.

ಮರುದಿನ ಸೋಮವಾರ ಬಬಲೇಶ್ವರದಲ್ಲಿ ಇಳಿದು ಎಂದಿನಂತೆ ಫೋನ್ ಮಾಡಿದೆ. ಗುಂಡಿ ಒತ್ತುವುದರೊಳಗೆ ಬರಬೇಕಾದ "ಓ" ಬರಲಿಲ್ಲ. ಫೋನು ಬಡಿಯಿತು, ಮತ್ತೆ ಬಡಿಯಿತು, ಬಡಿದು ಬಡಿದು ತಾನಾಗಿ ನಿಂತಿತು. ಬಸ್ಸಿನಿಂದ ಇಳಿಯುತ್ತಿದ್ದ ಜನ ನನ್ನನ್ನು ದಾಟಿ ಹೋಗುತ್ತಿದ್ದರು, ನಾನು ನಿಂತಲ್ಲೇ ನಿಂತಿದ್ದೆ. ಎದುರುಮನೆಯವರ ನಂಬರು ನೆನಪಾಗಲೊಲ್ಲದು. ಮತ್ತೆ ಒತ್ತಿದೆ. ಈ ಸಲ ಎತ್ತಿದಳು.

"ಎಷ್ಟ ಸಲ ಮಾಡ್ತಿ?"

"ಯಾಕ ಎತ್ತಲಿಲ್ಲ ನೀ?" ಎಂದೆ. ಕೂಗಿದೆನೇನೋ, ಪಕ್ಕದವರು ತಿರುಗಿ ನೋಡಿದರು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತು ಎಂದು ತಿಳಿದು ನಾಲಿಗೆ ಕಚ್ಚಿಕೊಂಡೆ. ಹಿಂದಿನ ದಿನ ನಾನು ಮುಚ್ಚಿಟ್ಟ ವಾಕ್ಯವನ್ನು ನಾನೇ ಕನ್ನಡದಲ್ಲಿ ಹೇಳಿಬಿಟ್ಟಿದ್ದೆ.

ಅವ್ವನ ಉಸಿರು ನನಗೆ ಕೇಳಿಸಿತು.

"ರೊಟ್ಟಿ ಬಡ್ಯಾ­ಕತ್ತಿದ್ದೆ, ಕೈಯೆಲ್ಲಾ ಹಿಟ್ಟು. ಮೊದಲನೇ ರಿಂಗಿಗೇ ತಿಳೀತು, ಮುಟ್ಟಿದಿ ಅಂತ. ಅದಕ್ಕ ಎತ್ತಲಿಲ್ಲ." ಆಮೇಲೆ ಮೆತ್ತಗೆ, "ನಾಳಿಂದ ಮೊದಲಿನಂಗ ಒಂದ ರಿಂಗ್ ಕೊಡು. ಸಾಕು" ಎಂದಳು.

ನಾನು ಹೂಂ ಎಂದೆ. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಓಢಣಿಯಲ್ಲಿ ಮುಖ ಮುಚ್ಚಿ ಅತ್ತೆ. ತಂಗಿ ಹೋದಾಗ ಅಷ್ಟು ಅತ್ತಿರಲಿಲ್ಲ. ಅಂದು ಸಾಲೆಗೆ ತಡವಾಗಿ ಹೋದೆ.

ಮಂಗಳವಾರ ಬಸ್ಸಿಳಿದು ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ಫೋನು ಕೈಯಲ್ಲಿ ಹಿಡಿದು ಕಾದೆ. ಅವ್ವ ತಿರುಗಿ ಫೋನ್ ಮಾಡಲಿಲ್ಲ. ಅಲ್ಲಿ ಒಲೆಯ ಮುಂದೆ ಕೂತಲ್ಲಿಂದಲೇ "ಮುಟ್ಯಾಳ" ಎಂದಿರಬೇಕು. ಯಾವ ಮಗಳಿಗೆ ಅಂದಳು ಎಂದು ನಾನು ಇದುವರೆಗೂ ಕೇಳಿಲ್ಲ.